ಒಡೆಯದ ತಟ್ಟೆಯ ಜಾಹೀರಾತು

೧೨ ಮಾರ್ಚ್ ೨೦೦೩, ಬುಧವಾರ. ಲಿಂಗರಾಜಪುರ.



ಊಟದ ಹೊತ್ತಿಗೆ ಟಿವಿಯಲ್ಲಿ ಹಳೆಯ ಜಾಹೀರಾತುಗಳನ್ನು ತೋರಿಸುತ್ತಿದ್ದರು. ಮಗಳು ಸಂಹಿತಾ ಕೂಗಿದಳು, "ಅಮ್ಮಾ, ನಮ್ಮನೆ ತಟ್ಟೆ ಬಂತು ನೋಡು!" ಜಾಹೀರಾತಿನ ಅದೇ ಹಳೆಯ ಗಂಡಸು ನಗುತ್ತಾ ತಟ್ಟೆಯನ್ನು ನೆಲಕ್ಕೆ ಬಿಟ್ಟ. ಅದು ಒಡೆಯಲಿಲ್ಲ. ಅವನ ಹೆಂಡತಿ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. ತೊಂಬತ್ತನಾಲ್ಕರಲ್ಲಿ ನಾನು ಮರುಳಾದದ್ದು ಆ ನಿಟ್ಟುಸಿರಿಗೆ. ಹೆಂಗಸರು ಯಾವುದಕ್ಕೆ ಹೆದರುತ್ತಾರೆಂದು ಆ ಹಾಳಾದವರಿಗೆ ಚೆನ್ನಾಗಿ ಗೊತ್ತಿತ್ತು. ಮಾರನೆಯ ದಿನವೇ ಶಿವಾಜಿನಗರಕ್ಕೆ ಹೋಗಿ ಅರ್ಧ ಡಜನ್ ತಂದಿದ್ದೆ.

ಅದಕ್ಕೆ ಮುಂಚೆ ಇವರು ಸಿಟ್ಟು ಬಂದಾಗ ಪಿಂಗಾಣಿ ತಟ್ಟೆ ಎಸೆಯುತ್ತಿದ್ದರು. ಅದು ಚೂರಾದ ಸದ್ದಿಗೆ ಪಕ್ಕದ ಮನೆಯ ಸೀತಮ್ಮ ಲೋಟ ಹಿಡಿದು ಬಂದುಬಿಡುತ್ತಿದ್ದರು. "ಹೆಪ್ಪಿಗೆ ಒಂದ್ ಚೂರು ಮೊಸರಿದ್ರೆ ಕೊಡ್ರೀ." ಅವರೆದುರು ಇವರು ಕೈ ಎತ್ತದೆ ಪೇಪರ್ ಹಿಡಿದು ಕೂರುತ್ತಿದ್ದರು. ಹೊಸ ತಟ್ಟೆ ಒಡೆಯಲಿಲ್ಲ, ಸೀತಮ್ಮ ಬರಲಿಲ್ಲ. ಇವರ ಕೈ ನನ್ನ ಕೆನ್ನೆಗೆ ಬಂತು. ಒಂಬತ್ತು ವರ್ಷ ಬರುತ್ತಲೇ ಇತ್ತು.

ಇವತ್ತು "ಹುಳೀಗೆ ಉಪ್ಪು ಹಾಕಕ್ಕೂ ಬರಲ್ವೇನೇ ನಿಂಗೆ?" ಎಂದು ತಟ್ಟೆ ಎಸೆದರು. ಆಮೇಲೆ ಕೈ ಎತ್ತಿದ್ದು ನನ್ನ ಮೇಲಲ್ಲ, ಟಿವಿ ನೋಡಿ ಇನ್ನೂ ನಗುತ್ತಿದ್ದ ಸಂಹಿತಾಳ ಮೇಲೆ. ಬಿದ್ದಿದ್ದ ತಟ್ಟೆಯನ್ನು ಎತ್ತಿಕೊಂಡು, ಅದರ ಅಂಚಿನಿಂದಲೇ ಇವರ ಹಣೆಗೆ ಬೀಸಿದೆ. ರಕ್ತ ಕಂಡ ಮೇಲೂ ಇನ್ನೊಂದು ಸಲ ಬೀಸಿದೆ.

ಹೊಲಿಗೆ ಹಾಕಿಸಿಕೊಂಡು ಬಂದು ಮಲಗಿದ್ದಾರೆ. ತಟ್ಟೆ ತೊಳೆದು, ದೀಪಕ್ಕೆ ಹಿಡಿದು ನೋಡಿದೆ. ಜಾಹೀರಾತಿನವರು ಸುಳ್ಳು ಹೇಳಿರಲಿಲ್ಲ, ಒಂದು ಬಿರುಕೂ ಇಲ್ಲ.