ಮೂಗಿನ ಮೇಲೊಂದು ಶರತ್ತು

೬ ಜನವರಿ ೧೯೬೪, ಸೋಮವಾರ

ಆರಕ್ಕೆ ಡ್ಯೂಟಿ. ಮಂಗಳೂರು ಲೈನು ಎರಡು ಸಲ ಸತ್ತಿತು. ಅಡಿಕೆ ಮಂಡಿಯ ಆದಂ ಕುಂಞಿ ಸಾಹೇಬರು ಎಂದಿನಂತೆ ಏಳೂವರೆಗೆ ಮಂಗಳೂರು ಕೇಳಿದರು. ಎಂದಿನಂತೆ, “ಎಂತ ಅಮ್ಮಾ, ಶೀತ ಇನ್ನೂ ಹೋಗ್ಲಿಲ್ವಾ?” ಶೀತ ಅಲ್ಲ ಸಾಹೇಬರೇ, ನನ್ನ ಸ್ವರವೇ ಹೀಗೆ — ಐದು ವರ್ಷದಿಂದ ಹೇಳಬೇಕೆಂದಿದ್ದೇನೆ. ಹೇಳಿಲ್ಲ.

ಪುತ್ತೂರಿನಲ್ಲಿ ಫೋನ್ ಇರುವವರಿಗೆಲ್ಲ ಎಕ್ಸ್‌ಚೇಂಜಿನ ಹರಿಣಾಕ್ಷಿಯ ಸ್ವರ ಗೊತ್ತು. ಮೂಗು ಕಂಡವರು ಕಡಿಮೆ. ಅದಕ್ಕೇ ನಿನಗೆ ಈ ಕೆಲಸ ಇಷ್ಟ ಅಂತ ಮದ್ರಾಸಿನಲ್ಲಿರುವ ನನ್ನ ಅಕ್ಕ, ಸೀತಕ್ಕ, ಒಮ್ಮೆ ತಮಾಷೆ ಮಾಡಿದ್ದಳು. ಅಷ್ಟೇನೂ ತಮಾಷೆಯಾಗಿರಲಿಲ್ಲ.

ಭಾನುವಾರ ಗಂಡಿನ ಕಡೆಯವರು ಬರುತ್ತಾರೆ. ಅಮ್ಮನ ಅಣ್ಣ ತ್ಯಾಂಪಣ್ಣ ಮಾವ ತಂದ ಸಂಬಂಧ. ಇದು ಏಳನೆಯದು. ಅಮ್ಮ ಈಗಲೇ ಲೋಟಗಳನ್ನು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದಾಳೆ.

೧೨ ಜನವರಿ, ಭಾನುವಾರ

ಬಂದು ಹೋದರು. ಹುಡುಗನ ಹೆಸರು ಮಹೇಶ್ವರ. ಮನೆ ಕಡಬ, ಕೆಲಸ ಸುಳ್ಯದಲ್ಲಿ, ಸರ್ವೆ ಇಲಾಖೆಯ ಗುಮಾಸ್ತ. ಹಿಂದಿನ ಆರು ಮಂದಿ ಅಡುಗೆ ಬರುತ್ತದಾ ಅಂತ ಕೇಳಿದ್ದರು. ಇವರು ಕೇಳಿದ್ದು ಎಕ್ಸ್‌ಚೇಂಜಿನ ಬೋರ್ಡಿನ ವಿಷಯ.

“ಒಂದೇ ಹೊತ್ತಿಗೆ ಎಷ್ಟು ಜನ ಮಾತಾಡ್ತಾರೆ ನಿಮ್ಮಲ್ಲಿ?”

“ಮಾತಾಡುವವರು ಹತ್ತು. ಸುಮ್ಮನೆ ಕೂತುಕೊಳ್ಳುವವಳು ಒಬ್ಬಳು.”

ನಕ್ಕರು. ಬಾಯಿ ಮುಚ್ಚಿಕೊಂಡಲ್ಲ, ಸರಿಯಾಗಿ ನಕ್ಕರು. ಇಷ್ಟವಾಯಿತು. ಇಲ್ಲಿ ಬರೆಯಲಿಕ್ಕೆ ಯಾರ ಅಡ್ಡಿ?

ಅವರ ತಾಯಿ ಮಾತ್ರ ನಗಲಿಲ್ಲ. “ಕಿಟಕಿಯ ಹತ್ತಿರ ನಿಲ್ಲು ಮಗಾ. ಸ್ವಲ್ಪ ಆಚೆ ತಿರುಗು.” ತಿರುಗಿದೆ. “ಇನ್ನೂ ಸ್ವಲ್ಪ.” ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರಾದರೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

೧೯ ಜನವರಿ

ಮಾವ ಉತ್ತರ ತಂದರು. ಹುಡುಗ ಒಪ್ಪಿದ್ದಾನೆ. ಅಮ್ಮ ದೇವರ ಕಡೆ ಕೈ ಮುಗಿಯುವಷ್ಟರಲ್ಲಿ ಮಾವ ಜೇಬಿಗೆ ಕೈ ಹಾಕಿದರು — ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ. ಯಾವಳೋ ಸೋಪಿನ ಜಾಹೀರಾತಿನವಳು. ಅವಳ ಮೂಗಿನ ಸುತ್ತ ಪೆನ್ಸಿಲಿನಲ್ಲಿ ಒಂದು ವೃತ್ತ.

“ಇಂಥದ್ದು ಆದ್ರೆ ಆಗಬಹುದು ಅಂತಾರೆ ಹುಡುಗನ ತಾಯಿ. ಮದ್ರಾಸಿನಲ್ಲಿ ಈಗ ಮೂಗು ಸಣ್ಣ ಮಾಡ್ತಾರಂತೆ. ಪ್ಲಾಸ್ಟಿಕ್ ಸರ್ಜರಿ.”

“ಪ್ಲಾಸ್ಟಿಕ್ಕಿನ ಮೂಗಾ?” ಅಮ್ಮ ಕಂಗಾಲಾದಳು. “ಒಲೆಯ ಬುಡದಲ್ಲಿ ಕೂತ್ರೆ ಕರಗುದಿಲ್ವಾ?”

ನಗು ಬಂತು. ಆಮೇಲೆ ಬರಲಿಲ್ಲ. ಅಮ್ಮ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ನಿನಗೂ ಇಪ್ಪತ್ತೇಳು ಆಯ್ತು. ನಾನು ಎಷ್ಟು ದಿನ ಇರ್ತೇನೆ? ಹೋಗಿ ಬಾ. ಹೇಗೂ ಅಕ್ಕನ ಮನೆ ಉಂಟಲ್ಲ,” ಅಂದಳು.

೨೦ ಜನವರಿ

ಎರಡು ಕನ್ನಡಿ ಹಿಡಿದು ಪಕ್ಕದಿಂದ ನೋಡಿಕೊಂಡೆ. ನಡುವೆ ಗುಡ್ಡ. ತುದಿ ಕೆಳಗೆ ಬಾಗಿದೆ. ಎಡಕ್ಕೆ ಸ್ವಲ್ಪ ಡೊಂಕು. ನಮ್ಮ ಕುಟುಂಬದಲ್ಲಿ ಹೀಗೆ ಯಾರಿಗೂ ಇಲ್ಲ — ಅಮ್ಮನದಲ್ಲ, ತೀರಿಹೋದ ಅಪ್ಪನದಲ್ಲ. ನನ್ನದೇ.

ಸುಳ್ಳು ಬರೆಯಬಾರದು. ಸಣ್ಣದಾಗಿದ್ದರೆ ಅಂತ ನನಗೂ ಅನಿಸಿದ್ದುಂಟು. ಶಾಲೆಯಲ್ಲಿ ಗಿಳಿ ಅಂತ ಕರೆದಾಗ. ಮೂರನೆಯ ಹುಡುಗ ಹಣ್ಣು ತಿಂದು ಎದ್ದು ಹೋದಾಗ.

ರಜೆಗೆ ಅರ್ಜಿ ಹಾಕಿದೆ.

೧೭ ಫೆಬ್ರವರಿ, ಸೋಮವಾರ. ಪೆರಂಬೂರು, ಮದ್ರಾಸು

ನಿನ್ನೆ ರೈಲಿಳಿದೆ. ಇಂದು ಭಾವನೊಡನೆ ಡಾಕ್ಟರ ಹತ್ತಿರ. ಭಾವ ರೈಲ್ವೆ ವರ್ಕ್‌ಶಾಪಿನಲ್ಲಿ ಕ್ಲಾರ್ಕು. ಯಾರ ಯಾರ ಮೂಲಕವೋ ಹೇಳಿಸಿ ಹೊತ್ತು ಗೊತ್ತು ಮಾಡಿದ್ದರು. ಡಾಕ್ಟರು ಬಳ್ಳಾರಿಯಲ್ಲಿ ಹುಟ್ಟಿದವರು, ಕನ್ನಡ ಮಾತಾಡಿದರು. ಅರ್ಧ ಭಯ ಹೋಯಿತು.

ಭಾವ ಸೋಪಿನವಳ ಚಿತ್ರ ಮೇಜಿನ ಮೇಲಿಟ್ಟರು. ಡಾಕ್ಟರು ಅದನ್ನು ನೋಡಿ ಬದಿಗೆ ಸರಿಸಿದರು.

“ಮೊದಲು ಉಸಿರು ನೋಡೋಣ.”

ತಣ್ಣಗಿನ ಒಂದು ಸ್ಟೀಲಿನ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದರು. ಉಸಿರು ಬಿಡಲು ಹೇಳಿದರು. ಪಟ್ಟಿಯ ಮೇಲೆ ಮಂಜಿನ ಹಾಗೆ ಒಂದು ಮಚ್ಚೆ ಮೂಡಿತು.

“ಇನ್ನೊಂದೆಲ್ಲಿ?” ಅಂದರು.

“ಇನ್ನೊಂದು ಯಾವುದು?”

ಅವರು ನಗಲಿಲ್ಲ. ಪಟ್ಟಿ ಒರೆಸಿ ಭಾವನ ಮೂಗಿನ ಕೆಳಗೆ ಹಿಡಿದರು. ಎರಡು ಮಚ್ಚೆ, ಅಕ್ಕಪಕ್ಕ, ಸರಿಸಮ. ನೋಡುತ್ತಾ ಕೂತೆ. ಎಲ್ಲರಿಗೂ ಎರಡಾ? ಇಷ್ಟು ವರ್ಷ, ನಡೆಯುವಾಗ, ಉಣ್ಣುವಾಗ, ಮಾತಾಡುವಾಗ — ಎಲ್ಲರಿಗೂ? ಭಾವನ ಮೇಲೆ ಹೊಟ್ಟೆಕಿಚ್ಚಾಯಿತು.

ಸಣ್ಣವಳಿದ್ದಾಗ ಬಿದ್ದಿದ್ದೀರಾ ಅಂತ ಕೇಳಿದರು. ಬಿದ್ದಿದ್ದೆ. ಏಳು ವರ್ಷ. ಉಯ್ಯಾಲೆಯಿಂದ. ಮೂಗಿನಲ್ಲಿ ರಕ್ತ ಬಂದು ನಿಂತಿತ್ತು, ಅಮ್ಮ ಅರಸಿನ ಹಚ್ಚಿದ್ದಳು. ಅಷ್ಟೇ. ಒಳಗಿನ ಅಡ್ಡಗೋಡೆ ಆಗಲೇ ಮುರಿದು ಡೊಂಕಾಗಿ ಕೂತಿದೆಯಂತೆ. ಬಲಗಡೆ ದಾರಿಯೇ ಇಲ್ಲವಂತೆ.

“ಅದನ್ನು ಸರಿ ಮಾಡಬಹುದು. ಸ್ವರ ಬದಲಾಗುತ್ತದೋ ಇಲ್ಲವೋ, ಹೇಳಲಾರೆ. ಉಸಿರು ಬರುತ್ತದೆ.”

“ಹೊರಗಿನದು?” ಭಾವ ಚಿತ್ರವನ್ನು ಮತ್ತೆ ಮುಂದಕ್ಕೆ ತಳ್ಳಿದರು.

“ಈ ಗುಡ್ಡವನ್ನು ಉಜ್ಜಿ ತಗ್ಗಿಸಬಹುದು. ತುದಿಯನ್ನು ಒಂದಿಷ್ಟು ಎತ್ತಬಹುದು. ಚರ್ಮ ದಪ್ಪ ಇದೆ, ಒಳಗೆ ಎಷ್ಟು ಕೆತ್ತಿದರೂ ಹೊರಗೆ ಅಷ್ಟು ಕಾಣುವುದಿಲ್ಲ. ಊತ ಪೂರ್ತಿ ಇಳಿಯಲು ಒಂದು ವರ್ಷ. ಈ ಚಿತ್ರದ ಮೂಗನ್ನು ತಂದು ಇವರ ಮುಖಕ್ಕೆ ಅಂಟಿಸಲು ನನ್ನಿಂದಾಗದು. ಯಾರಿಂದಲೂ ಆಗದು.”

“ವ್ಯತ್ಯಾಸ ಎಷ್ಟು ಕಾಣ್ತದೆ?” ನಾನೇ ಕೇಳಿದೆ.

“ಗುರುತಿನವರು ಏನೋ ಬೇರೆ ಕಾಣುತ್ತದೆ ಅನ್ನುತ್ತಾರೆ. ಏನು ಅಂತ ಹೇಳಲಾರರು.”

“ಅವರಿಗೆ ಅದು ಸಾಲದಿದ್ರೆ?”

“ಯಾರಿಗೆ?”

ನಾನು ಮೇಜಿನ ಮೇಲಿನ ಚಿತ್ರದ ಕಡೆ ನೋಡಿದೆ. ಅವರು ಒಂದು ಹೆಂಗಸಿನ ಎರಡು ಫೋಟೋ ತೋರಿಸಿದರು, ಮೊದಲಿನದು, ನಂತರದ್ದು. ಮೂಗು ಚೆನ್ನಾಗಿಯೇ ಬಂದಿತ್ತು. ಮುಖದಲ್ಲಿ ಅದೇ ಬೇಸರ. “ಇದು ನನ್ನ ಒಳ್ಳೆಯ ಕೆಲಸಗಳಲ್ಲಿ ಒಂದು,” ಅಂದರು ಡಾಕ್ಟರು. “ಆಕೆ ಆಮೇಲೆ ಗಲ್ಲ ಬದಲಿಸಿಕೊಡಿ ಅಂತ ಬಂದರು.”

೧೯ ಫೆಬ್ರವರಿ

ಸೀತಕ್ಕನ ಕನ್ನಡಿಯ ಮುಂದೆ ಹೆಬ್ಬೆರಳಿನಿಂದ ಗುಡ್ಡ ಮುಚ್ಚಿ, ತುದಿಯನ್ನು ಮೇಲೆ ಎತ್ತಿ ಹಿಡಿದೆ. ಚೆನ್ನಾಗಿಯೇ ಇತ್ತು. ಅದನ್ನೂ ಬರೆಯುತ್ತೇನೆ. ಚೆನ್ನಾಗಿತ್ತು.

ನನಗೇ ಬೇಕಾಗಿ ಬಂದಿದ್ದರೆ ಮಾಡಿಸಿಕೊಳ್ಳುತ್ತಿದ್ದೆ. ಯಾರು ನಕ್ಕರೂ ಕೇಳುತ್ತಿರಲಿಲ್ಲ. ಆದರೆ ಬೇರೆಯವಳ ಮೂಗಿಗೆ ಪೆನ್ಸಿಲಿನಲ್ಲಿ ವೃತ್ತ ಹಾಕಿ ಕಳಿಸಿದವರಿಗಾಗಿ… ಇವತ್ತು ಮೂಗು. ನಾಳೆ ಆ ಮನೆಯಲ್ಲಿ ಪೆನ್ಸಿಲು ಎಲ್ಲೆಲ್ಲಿ ಓಡುತ್ತದೋ.

೨೧ ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ ೭

ಆಸ್ಪತ್ರೆ. ಒಪ್ಪಿಗೆಯ ಕಾಗದ ತಂದರು. ಎರಡು ಸಾಲು ಇತ್ತು, ಒಳಗಿನ ಕೆಲಸಕ್ಕೆ ಒಂದು, ಹೊರಗಿನದಕ್ಕೆ ಒಂದು.

“ಒಳಗಿನದು ಮಾತ್ರ ಡಾಕ್ಟ್ರೇ.”

“ಖಂಡಿತವಾ? ಎರಡನ್ನೂ ಒಟ್ಟಿಗೆ ಮಾಡುವುದು ಸುಲಭ.”

“ಖಂಡಿತ.”

“ನಿಮ್ಮ ಭಾವ?”

“ಮೂಗು ಭಾವನದ್ದಲ್ಲ.”

ಡಾಕ್ಟರು ಎರಡನೆಯ ಸಾಲು ಹೊಡೆದುಹಾಕಿದರು. ನಾನು ಸಹಿ ಹಾಕಿದೆ. ಭಾವ ಹೊರಗೆ ಕಾಫಿ ಕುಡಿಯುತ್ತಿದ್ದಾರೆ.  ನರ್ಸು ಕರೆಯುತ್ತಿ —

೨೫ ಫೆಬ್ರವರಿ

ಮರಗಟ್ಟಿಸಿ ಮಾಡಿದರು. ನಿದ್ದೆ ಇಲ್ಲ, ನೋವಿಲ್ಲ. ಶಬ್ದ ಮಾತ್ರ — ತಲೆಯೊಳಗೆ ಯಾರೋ ಬಡಗಿ ಉಳಿ ಇಟ್ಟು ತಟ್ಟಿದ ಹಾಗೆ. ಆಮೇಲೆ ಎರಡು ದಿನ ಮೂಗಿನ ತುಂಬ ಬಟ್ಟೆ ತುರುಕಿದ್ದರು, ಬಾಯಿಯಿಂದಲೇ ಉಸಿರು. ಅದು ನನಗೆ ಹೊಸತಲ್ಲ. ಬಟ್ಟೆ ತೆಗೆದ ಮೇಲೂ ಊತ, ರಕ್ತದ ಹೆಪ್ಪು. ಏನೂ ಇಲ್ಲ. ಮೋಸವಾಯಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಹೆಪ್ಪನ್ನೆಲ್ಲ ತೆಗೆದು ತೊಳೆದರು. ಬಲಗಡೆಯಿಂದ ಗಾಳಿ ಒಳಗೆ ಬಂತು. ತಣ್ಣಗೆ. ಯಾರದೋ ಮನೆಯ ಬಾಗಿಲು ತೆರೆದ ಹಾಗೆ. ನರ್ಸಿನ ತಲೆಯ ಮಲ್ಲಿಗೆ, ಫಿನಾಯಿಲು, ಎಲ್ಲೋ ಸಾಂಬಾರು ಕುದಿಯುವುದು — ಬೇರೆ ಬೇರೆಯಾಗಿ ಬಂದವು. ಅಳು ಬಂತು. ಅಳಬಾರದು ಅಂತ ನರ್ಸು ಬೈದಳು.

ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಪುತ್ತೂರಿಗೆ ‘ಆಪರೇಷನ್ ಆಯಿತು’ ಅಂತ ಮಾತ್ರ ಕಾಗದ ಹಾಕಿದ್ದಾರೆ. ಸೀತಕ್ಕ ಗಂಜಿ ತಂದು, ಸುತ್ತ ನೋಡಿ, ಮೆಲ್ಲಗೆ ಅಂದಳು: “ಒಳ್ಳೇದು ಮಾಡಿದೆ ಮಾರಾಯ್ತಿ.”

೮ ಮಾರ್ಚ್, ಭಾನುವಾರ. ಪುತ್ತೂರು

ಬಸ್ಸಿಳಿದು ಮನೆಗೆ. ಅಮ್ಮ ನನ್ನನ್ನು ಬೆಳಕಿಗೆ ನಿಲ್ಲಿಸಿ ತುಂಬ ಹೊತ್ತು ನೋಡಿದಳು.

“ಊತ ಇಳಿದ ಮೇಲೆ ಸಣ್ಣ ಆಗ್ತದಾ?”

“ಇಲ್ಲಮ್ಮ. ಇದೇ.”

ಒಳಗೆ ಹೋದಳು. ಬಡಿಸಿದಳು. ಮಾತಿಲ್ಲ.

೧೧ ಮಾರ್ಚ್

ಏಳೂವರೆಗೆ ಸಾಹೇಬರು. “ಮಂಗಳೂರು ಕೊಡಿ. ಹೊಸಬರಾ?”

“ಅಲ್ಲ ಸಾಹೇಬರೇ. ಹರಿಣಾಕ್ಷಿ.”

“ಅಲ್ಲಾ! ಐದು ವರ್ಷದ ಶೀತ ಹೋಯ್ತಾ? ಯಾವ ಮದ್ದು? ನಮ್ಮ ರುಖಿಯಮ್ಮನಿಗೂ ಬೇಕಿತ್ತು.”

ಡಾಕ್ಟರ ಹೆಸರು, ವಿಳಾಸ ಹೇಳಿದೆ. ಹೆಂಡತಿಗಾಗಿ ಬರೆದುಕೊಂಡರು. ಮಂಗಳೂರು ಲೈನು ಕಾಯುತ್ತಲೇ ಇತ್ತು.

ಮನೆಯಲ್ಲಿ ಇನ್ನೂ ಮಾತಿಲ್ಲ.

೧೫ ಮಾರ್ಚ್

ಅಮ್ಮ ಮಾತಾಡಿದಳು. ಮುಖ ತೊಳೆಯುತ್ತಿದ್ದೆ, ಹಿಂದೆ ಬಂದು ನಿಂತಳು.

“ನೀನು ಗೊರಕೆ ಹೊಡೆಯುದು ನಿಂತಿದೆ. ಇಪ್ಪತ್ತು ವರ್ಷ ಅದನ್ನು ಕೇಳಿಕೊಂಡು ಮಲಗಿದವಳು ನಾನು. ಈಗ ಶಬ್ದವೇ ಇಲ್ಲ. ಉಸಿರು ಉಂಟಾ ಅಂತ ಎದ್ದೆದ್ದು ನೋಡ್ತೇನೆ.”

“ಉಂಟಮ್ಮ.”

“ಅಂದು ಬಿದ್ದಾಗ ಡಾಕ್ಟ್ರಿಗೆ ತೋರಿಸಬೇಕಿತ್ತು. ನಿನ್ನ ಅಪ್ಪ ಹೇಳಿದ್ರು. ಎಂತ ಆಗುದಿಲ್ಲ ಅಂತ ನಾನೇ ಬೇಡ ಅಂದದ್ದು.” ಸೆರಗಿನಿಂದ ನನ್ನ ಮುಖ ತಾನೇ ಒರೆಸಿದಳು, ಸಣ್ಣ ಮಕ್ಕಳಿಗೆ ಒರೆಸಿದ ಹಾಗೆ, ಮೂಗಿನ ಹತ್ತಿರ ಮೆಲ್ಲಗೆ.

೨೯ ಮಾರ್ಚ್, ಭಾನುವಾರ

ಕಡಬದವರು ಬಂದರು. ಕಾಫಿ ತಂದಿಟ್ಟೆ. ಹೇಳುವ ಮೊದಲೇ ಹೋಗಿ ಕಿಟಕಿಯ ಹತ್ತಿರ ನಿಂತೆ. ಪಕ್ಕಕ್ಕೆ ತಿರುಗಿದೆ. ನೋಡಲಿ.

“ಆಪರೇಷನ್ ಆಗ್ಲಿಲ್ವಾ?” ಮಹೇಶ್ವರರ ತಾಯಿ.

“ಆಯ್ತು.”

“ಎಂತ ಬದಲಾಗಿದೆ?”

“ಉಸಿರು. ಮೊದಲು ಒಂದೇ ಕಡೆ ಇತ್ತು. ಈಗ ಎರಡೂ ಕಡೆ ಉಂಟು.”

“ಅದು ಯಾರಿಗೆ ಕಾಣ್ತದೆ?”

“ಕಾಣ್ಲಿಕ್ಕೆ ಮಾಡಿಸಿದ್ದಲ್ಲ.”

ತ್ಯಾಂಪಣ್ಣ ಮಾವ ಕೆಮ್ಮಿದರು. ಆಕೆ ಕಾಫಿ ಮುಟ್ಟದೆ ಎದ್ದರು. “ನಮಗೆ ಹೇಳಿದ್ದೊಂದು, ಇಲ್ಲಿ ಮಾಡಿದ್ದೊಂದು. ಮಾತಿಗೆ ಬೆಲೆ ಬೇಡವಾ?”

“ನಾನು ಮಾತು ಕೊಟ್ಟಿರಲಿಲ್ಲ. ನೀವು ಚಿತ್ರ ಕಳಿಸಿದಿರಿ, ಅಷ್ಟೇ.”

ಮಹೇಶ್ವರರು ಕಾಫಿ ಲೋಟವನ್ನೇ ನೋಡುತ್ತಿದ್ದರು. ಅವರು ತಲೆ ಎತ್ತುತ್ತಾರೆ ಅಂತ ಕಾದೆ. ಬಾಗಿಲು ದಾಟುವವರೆಗೂ ಕಾದೆ. ಎತ್ತಲಿಲ್ಲ.

೨ ಏಪ್ರಿಲ್, ಗುರುವಾರ

ಹತ್ತು ಗಂಟೆಗೆ ಸುಳ್ಯದಿಂದ ಟ್ರಂಕ್ ಕಾಲ್. ಸುಳ್ಯದ ಆಪರೇಟರು ನಗುತ್ತಾ, “ಪರ್ಟಿಕ್ಯುಲರ್ ಪರ್ಸನ್ ಕಾಲ್ ಉಂಟು. ಯಾರು ಬೇಕು ಗೊತ್ತುಂಟಾ? ನೀವೇ.”

ಮಹೇಶ್ವರರು. “ನಾನು ಮಾತಾಡಬಹುದಾ?”

“ಮೂರು ನಿಮಿಷ.”

“ಅಮ್ಮನನ್ನು ನಾನು ಒಪ್ಪಿಸ್ತೇನೆ. ನೀವು ಒಂದು ಮಾತು ಹೇಳಿದ್ರೆ ಸಾಕು. ಮುಂದಿನ ವರ್ಷ ಹೊರಗಿನದ್ದೂ ಮಾಡಿಸ್ತೇನೆ ಅಂತ. ಮಾಡಿಸ್ಬೇಕು ಅಂತಿಲ್ಲ. ಹೇಳಿದ್ರೆ ಸಾಕು.”

ಒಳ್ಳೆಯ ಸ್ವರ. ಒಂದು ಸಣ್ಣ ಸುಳ್ಳು, ಅಷ್ಟೇ. ನಾಲಗೆಯ ತುದಿಗೆ ಬಂದಿತ್ತು ಕೂಡ.

“ನಿಮಗೆ ಹೇಗೆ ಕಾಣ್ತದೆ?” ಅಂದೆ.

“ಯಾವುದು?”

“ನನ್ನ ಮೂಗು.”

ಲೈನಿನಲ್ಲಿ ಗರಗರ. “ನಾನು… ಅಷ್ಟಾಗಿ ನೋಡ್ಲಿಲ್ಲ.”

“ಎರಡು ಸಲ ಬಂದ್ರಿ.”

“ಹಾಗಲ್ಲ. ನನಗೆ ಅಡ್ಡಿಯೇ ಇರ್ಲಿಲ್ಲ.”

“ಅದನ್ನು ಅಂದು ಹೇಳಬಹುದಿತ್ತು. ನಿಮ್ಮ ಅಮ್ಮ ಅಲ್ಲೇ ಇದ್ರು.”

 ನಾನು ಗಡಿಯಾರ ನೋಡುತ್ತಿದ್ದೆ. ನಿಯಮದಂತೆ ಕೇಳಿದೆ, ಯಾರನ್ನಾದರೂ ಕೇಳುವ ಸ್ವರದಲ್ಲೇ: “ಮೂರು ನಿಮಿಷ ಆಯ್ತು. ಇನ್ನೂ ಬೇಕಾ?”

“ಬೇಕು. ಹರಿಣಾಕ್ಷಿಯವರೇ, ದಯವಿಟ್ಟು —”

“ಲೈನು ಬೇರೆಯವರಿಗೆ ಬೇಕು.” ಬೋರ್ಡಿನಿಂದ ವೈರು ಎಳೆದೆ.

ಆಮೇಲೆ ಹನ್ನೊಂದು ಕಾಲ್ ಕೊಟ್ಟೆ. ಒಂದೂ ತಪ್ಪಲಿಲ್ಲ. ಊಟದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಕೂತು ಅತ್ತೆ. ಅಳುವಾಗ ಎರಡೂ ಕಡೆ ಕಟ್ಟುತ್ತದೆ. ಅದಕ್ಕೆ ಮದ್ರಾಸಿನಲ್ಲೂ ಮದ್ದಿಲ್ಲ.

೫ ಏಪ್ರಿಲ್, ಭಾನುವಾರ

ಬೆಳಿಗ್ಗೆ ಬಿರುಮಲೆ ಗುಡ್ಡ ಹತ್ತಿದೆ. ಮೇಲಿನವರೆಗೆ ಬಾಯಿ ತೆರೆಯಲಿಲ್ಲ. ನಡುವೆ ಎಲ್ಲೂ ಕೂರಲಿಲ್ಲ. ಮೇಲೆ ಯಾರೂ ಇರಲಿಲ್ಲ, ಸುಮ್ಮನೆ ನಿಂತು ಉಸಿರಾಡಿದೆ.

ಈಗ ತ್ಯಾಂಪಣ್ಣ ಮಾವ ಬಂದಿದ್ದಾರೆ. ಸುಬ್ರಹ್ಮಣ್ಯದ ಕಡೆಯ ಯಾವುದೋ ಸಂಬಂಧವಂತೆ. ಜಗಲಿಯ ಮಾತು ಇಲ್ಲಿಗೆ ಕೇಳುತ್ತದೆ.

“ನೀನು ಮೊದಲೇ ಹೇಳಿಬಿಡು ಅಣ್ಣ,” ಅಮ್ಮ ಅನ್ನುತ್ತಿದ್ದಾಳೆ. “ಹುಡುಗಿಯ ಮೂಗು ದೊಡ್ಡದು. ಹಾಗೆಯೇ ಇರ್ತದೆ. ಆಗುದಾದ್ರೆ ಬರ್ಲಿ.”

“ಹಾಗೆ ಹೇಳಿದ್ರೆ ಯಾರು ಬರ್ತಾರೆ ಮಾರಾಯ್ತಿ?”

“ಬಾರದಿದ್ರೆ ಕಾಫಿ ಪುಡಿ ಉಳೀತದೆ. ಬಂದ್ರೆ ಹುಡುಗನನ್ನೂ ಕಿಟಕಿಯ ಹತ್ತಿರ ನಿಲ್ಲಿಸಿ ನೋಡ್ತೇನೆ ನಾನು.”

ಮಾವನಿಗೆ ಕಾಫಿ ಕೊಡಬೇಕು. ಏಳಲು ಮನಸ್ಸಿಲ್ಲ. ಅಮ್ಮನ ಸ್ವರ ಇಷ್ಟು ಜೋರು ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನೂ ಏನೋ ಹೇಳುತ್ತಿದ್ದಾಳೆ, ಮಾವ ನಗುತ್ತಿದ್ದಾರೆ, ಅಮ್ಮ ಈಗ —