ಹಿತ್ತಲಲ್ಲಿ ಕರಗದ ಚೀಲ

ಮನೆಯ ಹಿಂಬಾಗಿಲ ಮೆಟ್ಟಿಲು,
ಭಾನುವಾರ, ಮಾರ್ಚ್ ೯

ಮುದ್ದು ಪುಟ್ಟೀ,

ಹೇಗಿದ್ದೀಯ? ಕೈಯ ಮೇಲೆ ಆಸಿಡ್ ಬಿದ್ದ ಜಾಗ ಮಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಆ ಗಾಜಿನ ಬುಡ್ಡಿಗಳ ಮುಂದೆ ನಿಂತು ಮರೆಯುತ್ತೀಯಾ? ಇಲ್ಲಿ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ನನ್ನ ಮಂಡಿ ನೋವು ಹಾಗೇ ಇದೆ. ಜೀವಮಾನವೆಲ್ಲ ಬಸ್ಸಿನ ಕ್ಲಚ್ ತುಳಿದ ಕಾಲು, ಇನ್ನೇನು ಮಾಡೀತು. ನೀನು ಘಟಕದ ಮುಖ್ಯಸ್ಥೆ ಆಗುತ್ತೀಯಂತೆ, ನಿನ್ನ ಚೀಲ ತಯಾರಿಸಲು ಹೊಸ ಯಂತ್ರ ಬರುತ್ತದಂತೆ. ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ನಾನು ಮಾತ್ರ ಹಿತ್ತಲಿನ ಗುಂಡಿ ನೋಡುತ್ತ ಈ ಮೆಟ್ಟಿಲ ಮೇಲೆ ಕೂತಿದ್ದೇನೆ.

ನೀನು ಬಣ್ಣದ ಕಾರ್ಖಾನೆಯ ಕೆಲಸ ಬಿಟ್ಟು ಬಂದಾಗ ಎಲ್ಲರೂ ಬೈದರು, ನಾನೂ ಬೈದೆ. ‘ಕಾರ್ಖಾನೆ ಹಿಂದಿನ ಚರಂಡಿ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತೆ ಅಜ್ಜ, ಆ ಬಣ್ಣ ಬೆರೆಸಿದವಳು ನಾನೇ’ ಎಂದು ನೀನಂದೆ. ಅರ್ಧ ಸಂಬಳಕ್ಕೆ ಈ ಚಿಕ್ಕ ಕಂಪನಿ ಸೇರಿ, ಹುಲ್ಲು, ಪಿಷ್ಟ ಬೇಯಿಸಿ ಸಸಿ ಬೆಳೆಸುವ ಚೀಲ ಮಾಡಲು ಹೊರಟೆ. ಸಸಿಯ ಜೊತೆ ನೆಟ್ಟರೆ ಚೀಲವೂ ಮಣ್ಣಾಗಬೇಕು. ಮೊದಲನೆಯದು ನೀರು ಸೋಕಿದೊಡನೆ ಗೋಂದಾಯಿತು, ಎರಡನೆಯದು ಒಣಗಿ ಪುಡಿಯಾಯಿತು. ‘ಕಲಿತದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು’ ಎಂದು ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಮೂರನೆಯದು ನಿಮ್ಮ ಪ್ರಯೋಗಾಲಯದ ಬಿಸಿ ಪೆಟ್ಟಿಗೆಯಲ್ಲಿ ಕರಗಿತು. ‘ಅದು ದೊಡ್ಡದಲ್ಲ ಅಜ್ಜ, ಮನೆ ಮಣ್ಣಲ್ಲಿ ಕರಗಬೇಕು’ ಎಂದು ಕಳೆದ ಬೇಸಿಗೆಯಲ್ಲಿ ಪರಿಚಯದವರ ಹಿತ್ತಲುಗಳಲ್ಲೂ ನಮ್ಮ ಹಿತ್ತಲಲ್ಲೂ ಹೂತಿಟ್ಟು ಹೋದೆ. ಒಬ್ಬರ ಮನೆಯದನ್ನು ನಾಯಿ ಕೆದಕಿ ಎಳೆದಾಡಿತು, ಇನ್ನೊಬ್ಬರು ಹೂತ ಜಾಗವನ್ನೇ ಮರೆತರು. ಉಳಿದದ್ದು ನಮ್ಮ ಹಿತ್ತಲಿನದು. ಅದು ಕರಗಿತೇ ಎಂದು ಕೇಳಲು ನೀನು ಫೋನ್ ಮಾಡಿದ ದಿನ ಬೆಳಗ್ಗೆ ಅಗೆದು ನೋಡಿದ್ದೆ ಪುಟ್ಟಿ. ಚೀಲ ಹೂತಾಗ ಹೇಗಿತ್ತೋ ಹಾಗೇ ಇತ್ತು. ತೊಳೆದರೆ ಅಂಗಡಿಯಲ್ಲಿಟ್ಟು ಮಾರಬಹುದಿತ್ತು. ಅದನ್ನೇ ಹೇಳಲು ಬಾಯಿ ತೆರೆದೆ. ‘ಏನಾಯ್ತು ಅಜ್ಜ’ ಎಂಬ ನಿನ್ನ ದನಿ ಎಷ್ಟು ಸೋತಿತ್ತೆಂದರೆ, ‘ಮಣ್ಣಲ್ಲಿ ಮಣ್ಣಾಗಿದೆ ಕಣೇ’ ಅಂದುಬಿಟ್ಟೆ. ನೀನು ಅತ್ತುಬಿಟ್ಟೆ. ಆ ಅಳು ಕೇಳಿ ನನಗೂ ಖುಷಿಯಾಯಿತು, ಅದೇ ಈಗ ಚುಚ್ಚುತ್ತಿದೆ. ನನ್ನ ಮಾತು ನಂಬಿ ನೀನು ಕಂಪನಿಗೆ ಹೇಳಿದೆ. ಇನ್ನು ಎಷ್ಟೋ ತೋಟಗಳಲ್ಲಿ ಆ ಚೀಲ ಮಣ್ಣು ಸೇರಿ ಹಾಗೇ ಕೂರುತ್ತದೆ. ಚರಂಡಿ ನೋಡಲಾರದೆ ಓಡಿಬಂದವಳ ಕೈಯಲ್ಲೇ ಇದನ್ನು ಮಾಡಿಸಿದೆನಲ್ಲ.

ಫೋನಿನಲ್ಲಿ ಹೇಳಹೊರಟರೆ ಮತ್ತೆ ಸುಳ್ಳೇ ಬಾಯಿಗೆ ಬರುತ್ತದೆ. ಅದಕ್ಕೇ ಈ ಕಾಗದವನ್ನು ಸಂಜೆಯ ಬಸ್ಸಿನಲ್ಲಿ ನನ್ನ ಹಳೆಯ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ನಾಳೆ ಚೀಲ ಹಿಡಿದು ನಾನೇ ಬರುತ್ತೇನೆ, ನಿಮ್ಮ ಸಾಹೇಬರ ಮುಂದೆ ನಿಂತು ಹೇಳುತ್ತೇನೆ. ಅಜ್ಜನಿಗೆ ಕಣ್ಣು ಮಂಜು ಎಂದು ನನ್ನನ್ನು ಕಾಪಾಡಲು ಹೋಗಬೇಡ. ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮುಖ್ಯಸ್ಥೆಯ ಕುರ್ಚಿ ಹೋದರೆ ನನ್ನನ್ನು ಬೈದುಕೋ. ನಾಲ್ಕನೆಯ ಚೀಲ ನಿನ್ನ ಕೈ ಹಿಡಿಯಲಿ, ತಾಯೀ.

ನಿನ್ನ ಮುಂದೆ ತಲೆ ತಗ್ಗಿಸಿರುವ,
ಅಜ್ಜ

ತಾ.ಕ.: ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಗೀಚುತ್ತಿದ್ದೇನೆ. ನಿನ್ನ ದನಿ ಕೇಳಿ ಸುಳ್ಳು ಹೇಳಿದೆ ಎಂದದ್ದು ಅರ್ಧ ಮಾತ್ರ ನಿಜ. ‘ಈ ಚೀಲದ ಪರೀಕ್ಷೆ ಮುಗಿದ್ರೆ ಒಂದು ತಿಂಗಳು ಮನೆಗೆ ಬರ್ತೀನಿ ಅಜ್ಜ’ ಅಂದಿದ್ದೆಯಲ್ಲ. ಮುಗಿದರೆ ಸಾಕು ಅನ್ನಿಸಿತ್ತು. ನಿನ್ನನ್ನು ನೋಡಬೇಕಿತ್ತು. ನಾನೇ ಒಂದು ಬಸ್ಸು ಹತ್ತಿ ಬರಬಹುದಿತ್ತು, ಅಷ್ಟೂ ಆಗ ಹೊಳೆಯಲಿಲ್ಲ.