ಹನ್ನೊಂದನೆಯ ಕಾಗದದ ವಿವರ

ಗುರುವಾರ, ಆಫೀಸು ಮುಗಿದ ಮೇಲೆ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಸೋಮವಾರವೇ ಸಿಕ್ಕಿತು. ಕೂಡಲೇ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಈ ವಾರ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ.

ಸಾಹಿತ್ಯ ಓದಿದವಳಿಗೆ ವಕೀಲರ ಹತ್ತಿರ ಎಂಥ ಕೆಲಸ ಎಂದು ನಿನ್ನ ಬಳಿ ರವಿಕೆ ಹೊಲಿಸಲು ಬಂದವರೆಲ್ಲ ಕೇಳುತ್ತಾರಂತಲ್ಲ, ಇನ್ನು ಮೇಲೆ ಹೀಗೆ ಹೇಳು. ನಮ್ಮ ಕಕ್ಷಿದಾರರಾದ, ಕೊಡೆ ಕಾರ್ಖಾನೆ ನಡೆಸುವ ಹೆಂಗಸೊಬ್ಬರು ತಮ್ಮ ಗೋದಾಮನ್ನು ಒಡಹುಟ್ಟಿದ ತಮ್ಮನಿಗೆ ಮಾರಿದ್ದಾರೆ. ಅದು ಮಾರಾಟವೇ ಅಲ್ಲ, ಬರೀ ನಾಟಕ ಎನ್ನುತ್ತದೆ ತೆರಿಗೆ ಇಲಾಖೆ. ಅದರ ಕಾಗದಪತ್ರಗಳನ್ನೆಲ್ಲ ಹಾಜರುಪಡಿಸಬೇಕೆಂದು ಕೋರ್ಟಿನಲ್ಲಿ ಪಟ್ಟು ಹಿಡಿದಿದೆ. ವಕೀಲರ ಸಲಹೆ ಕೇಳಿ ಬರೆದ ಕಾಗದಗಳನ್ನು ಮಾತ್ರ ತೋರಿಸಬೇಕಾಗಿಲ್ಲ. ಆದರೆ ಹಾಗೆ ತಡೆಹಿಡಿದ ಒಂದೊಂದಕ್ಕೂ ಒಂದು ಸಾಲಿನ ವಿವರ ಬರೆದು ಪಟ್ಟಿ ಕೊಡಬೇಕು. ಅದು ಎಂಥ ಕಾಗದ ಎಂದು ತಿಳಿಯಬೇಕು, ಒಳಗೇನಿದೆ ಎಂದು ತಿಳಿಯಬಾರದು. ಆ ಸಾಲು ಬರೆಯುವವಳು ನಾನು. ಎಂಥ ವಿಚಿತ್ರ ಬರವಣಿಗೆ ನೋಡು!

'ಸಲಹೆ ಕೋರಿ ಪತ್ರ' ಎಂದು ಬರೆದು ಬರೆದು ಬೇಸರ ಬಂದಿತ್ತು. ಹನ್ನೊಂದನೆಯ ಕಾಗದದ ಬಳಿ ಕೈ ನಿಂತಿತು. ಕೊಡೆಯಮ್ಮ ನಮ್ಮ ವಕೀಲರಿಗೆ ಬರೆದ ಚಿಕ್ಕ ಕಾಗದ, ಒಣ ಭಾಷೆ. ಆದರೂ ಒಂದೇ ಪ್ರಶ್ನೆ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಯಾಕಿರಬಹುದು? ಯೋಚಿಸುತ್ತ ಯೋಚಿಸುತ್ತ ಬರೆದೇಬಿಟ್ಟೆ: 'ತಮ್ಮನಿಗೆ ಕೊಡುತ್ತಿರುವುದು ಮಾರಾಟವೋ ದಾನವೋ ಎಂದು ನಿದ್ದೆಗೆಟ್ಟ ಅಕ್ಕನ ಪ್ರಶ್ನೆ.' ನಮ್ಮ ದೊಡ್ಡ ವಕೀಲರು ಓದದೆ ಸಹಿ ಹಾಕಿದರು.

ನಿನ್ನೆ ಇಲಾಖೆಯ ವಕೀಲರು ಆ ಸಾಲನ್ನು ಕೋರ್ಟಿನಲ್ಲಿ ರಾಗವಾಗಿ ಓದಿದರು. "ಸ್ವಾಮಿ, ಗುಟ್ಟೆಲ್ಲ ಪಟ್ಟೀಲೇ ಬಿಚ್ಚಿಟ್ಟಿದ್ದಾರೆ. ಇನ್ನು ಕಾಗದ ಮುಚ್ಚಿಟ್ಟು ಏನು ಮಾಡ್ತಾರೆ? ನಮಗೇ ಕೊಡಿಸಿಬಿಡಿ" ಎಂದರು. ಎಲ್ಲರೂ ನಕ್ಕರು. ದೊಡ್ಡ ವಕೀಲರು ಹಿಂದಕ್ಕೆ ತಿರುಗಿ, "ಏನಮ್ಮಾ, ಕಥೆ ಬರೆಯೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದು ಹಲ್ಲು ಕಚ್ಚಿದರು. ಪಕ್ಕದಲ್ಲೇ ಕೂತಿದ್ದ ಕೊಡೆಯಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನನ್ನ ಒಂದು ಸಾಲಿನಿಂದ ಅವರ ಕಾಗದ ಎದುರಾಳಿಯ ಕೈ ಸೇರುವುದರಲ್ಲಿತ್ತು.

ತಾವೊಬ್ಬರೇ ಓದಿ ತೀರ್ಮಾನಿಸುವುದಾಗಿ ಹೇಳಿ ನ್ಯಾಯಾಧೀಶರು ಅದನ್ನು ಒಳಗೆ ತೆಗೆದುಕೊಂಡು ಹೋದರು. ಹೊರಬಂದಾಗ ತುಟಿಯಂಚಿನಲ್ಲಿ ನಗು. "ಇದರಲ್ಲಿ ದಾನದ ಸುದ್ದೀನೇ ಇಲ್ಲ, ಯಾರ ನಿದ್ದೇನೂ ಕೆಟ್ಟಿಲ್ಲ. ಕಾನೂನು ಕೇಳಿ ಬರೆದಿರೋ ಕಾಗದ ಅಷ್ಟೆ. ಉಳಿದದ್ದೆಲ್ಲ ಪಟ್ಟಿ ಬರೆದವರ ಕವಿತೆ. ಇದನ್ನ ತೋರಿಸಬೇಕಾಗಿಲ್ಲ" ಎಂದರು.

ಕಾಗದ ಉಳಿಯಿತು. ಹೋದ ಉಸಿರು ಬಂತು. ಆದರೂ ನನ್ನ ಓದು ಸುಳ್ಳಾಯಿತಲ್ಲ ಎಂದು ಒಳಗೊಳಗೇ ಚುರುಕ್ಕೆಂದದ್ದು ನಿಜ.

ವರಾಂಡದ ಬೆಂಚಿನಿಂದ ಕೊಡೆಯಮ್ಮ ಕೈಬೀಸಿ ಕರೆದರು. ಬೈಯುತ್ತಾರೆಂದು ತಲೆ ತಗ್ಗಿಸಿ ಹೋದೆ. ಪಕ್ಕದಲ್ಲಿ ಕೂರಿಸಿಕೊಂಡು, ಯಾರಿಗೂ ಕೇಳದಷ್ಟು ಮೆಲ್ಲಗೆ, "ಅವತ್ತು ರಾತ್ರಿಯೆಲ್ಲ ನಾನು ಕಣ್ಣು ಮುಚ್ಚಿರಲಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು, ಮಗಳೇ?" ಎಂದರು.

ಹಾಗಾದರೆ ಅದು ಮಾರಾಟವೋ ದಾನವೋ? ಕೇಳಲು ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ.

ಕೆಲಸಕ್ಕೆ ಏನೂ ತೊಂದರೆಯಾಗಿಲ್ಲ. "ಎರಡು ದಿನ ರಜೆ ತಗೊಂಡು ತಲೆ ತಣ್ಣಗೆ ಮಾಡ್ಕೊಂಡು ಬಾ. ಇನ್ಮೇಲೆ ಓದದೆ ಸಹಿ ಹಾಕೋದು ನನ್ನ ಹಣೇಲಿಲ್ಲ" ಎಂದರು ದೊಡ್ಡ ವಕೀಲರು.

ನಿನ್ನ,
ಗುಬ್ಬಿ

ತಾ.ಕ.: ಮನೆಗೆ ಬಂದವಳು ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. 'ನಾನು ಆರಾಮಾಗಿದ್ದೇನೆ' ಎಂದು ಶುರುವಿನಲ್ಲೊಮ್ಮೆ ಬರೆದಿದ್ದೀಯ, ಕೊನೆಯಲ್ಲೊಮ್ಮೆ. ನಡುವೆ, ಧೂಳು ಕೂರುತ್ತದೆಂದು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದ್ದೇನೆ ಎಂದಿದೆ. ದಿನವಿಡೀ ಓಡುವ ನಿನ್ನ ಯಂತ್ರದ ಮೇಲೆ ಧೂಳು ಕೂರುವುದು ಯಾವಾಗ, ಅಮ್ಮ? ಈ ಕಾಗದದ ಹಿಂದೆಯೇ ನಾನೂ ಬರುತ್ತಿದ್ದೇನೆ. ಇದನ್ನು ಓದಿದ ಕೂಡಲೇ ಹೊದಿಕೆ ತೆಗೆದು, ಹೊಲಿಯುವವಳಂತೆ ಕೂತುಬಿಡಬೇಡ.